ಮೊದಲ ವರ್ಷದ ಹೂವು

ಮಾರ್ಚ್ 3, ಸೋಮವಾರ

ಇಪ್ಪತ್ತೊಂಬತ್ತು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದೆ. ಪ್ರತಿದಿನ ಸಂಜೆ ಕೂತು, ಯಾರು ಕ್ಲಚ್ಚನ್ನು ಬೇಗ ಬಿಟ್ಟರು, ಯಾರು ಕನ್ನಡಿ ನೋಡದೆ ತಿರುಗಿಸಿದರು ಎಂದು ಬರೆದಿಡುತ್ತಿದ್ದೆ. ಹೋದ ವರ್ಷ ಮಂಡಿ ಕೈಕೊಟ್ಟು ಕೆಲಸ ನಿಲ್ಲಿಸಿದ ಮೇಲೆ ಖಾಲಿ ಪುಸ್ತಕಗಳು ಉಳಿದವು. ಬರೆಯುವ ಚಟವೂ ಉಳಿಯಿತು. ತಿದ್ದುವುದಕ್ಕೆ ಜನರಿಲ್ಲ ಅಷ್ಟೆ.

ಮಗಳು ಮನೆಗೆ ಬಂದು ಹತ್ತು ದಿನವಾಯಿತು. ಆರನೇ ತಿಂಗಳಿನಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಒಂದು ವರ್ಷ ಬಿಟ್ಟು ನೋಡೋಣ ಎಂದಿದ್ದಾರೆ ಡಾಕ್ಟರು. ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೇ ಬಂದಳು. ಗಂಡನ ಮನೆಗೆ ಯಾವಾಗ ಹೋಗುತ್ತಾಳೆ, ಹೋಗುತ್ತಾಳೋ ಇಲ್ಲವೋ, ಬಾಯಿ ಬಿಟ್ಟು ಹೇಳಿಲ್ಲ. ಅವನು ಫೋನು ಮಾಡಿದರೆ ಎತ್ತುವುದಿಲ್ಲ.

ಅವಳು ಬರುವ ಮೊದಲೇ ನಾನು ಮನೆಯವಳಿಗೆ ಹೇಳಿಟ್ಟಿದ್ದೆ, ಅಳಿಯನಿಗೂ ಹೇಳಿದ್ದೆ: ಆ ವಿಷಯವನ್ನು ಯಾರೂ ಎತ್ತಕೂಡದು. ಗಾಯ ಕೆರೆದರೆ ಮಾಯುವುದಿಲ್ಲ. ಈ ಹತ್ತು ದಿನದಲ್ಲಿ ಒಂದು ಸಲವೂ ಯಾರೂ ಎತ್ತಿಲ್ಲ. ಇಷ್ಟು ಅಚ್ಚುಕಟ್ಟಾಗಿ ಈ ಮನೆಯಲ್ಲಿ ನನ್ನ ಮಾತು ಹಿಂದೆಂದೂ ನಡೆದದ್ದಿಲ್ಲ.

ನಿನ್ನೆ ಭಾನುವಾರ ಅಳಿಯ ಬಂದಿದ್ದ. ಒಂದು ಡಬ್ಬಿ ಸ್ಟ್ರಾಬೆರಿ ತಂದು ಮೇಜಿನ ಮೇಲಿಟ್ಟು ಹೋದ. ಇವತ್ತು ಮಧ್ಯಾಹ್ನ ನೋಡಿದರೆ ಡಬ್ಬಿಯಲ್ಲಿ ಎರಡು ಕಡಿಮೆ. ನಾನು ತಿಂದಿಲ್ಲ, ಮನೆಯವಳಿಗೆ ಹುಳಿ ಆಗುವುದಿಲ್ಲ. ಅಂದರೆ ಮಗಳು ತಾನಾಗಿಯೇ ಎದ್ದು ಬಂದು ಏನನ್ನೋ ತಿಂದಿದ್ದಾಳೆ.

ಹಿತ್ತಿಲಿನಲ್ಲಿ, ಕಲಿಕೆಯ ಕಾರು ನಿಲ್ಲುತ್ತಿದ್ದ ಜಾಗ ಬರಿದಾಗಿ ಬಿದ್ದಿದೆ. ಅಲ್ಲಿ ಸ್ಟ್ರಾಬೆರಿ ಹಾಕಬೇಕು. ನಾನು ಹಾಕುತ್ತೇನೆ, ಅವಳು ನೋಡಿಕೊಳ್ಳಲಿ. ತೀರ್ಮಾನ ಆಯಿತು.

ಮಾರ್ಚ್ 6, ಗುರುವಾರ

ನರ್ಸರಿಗೆ ಹೋಗಿದ್ದೆ. ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ನರ್ಸರಿಯಾಕೆ ನನ್ನ ಹಳೆಯ ಶಿಷ್ಯೆ. ಮೂರು ಸಲ ಪರೀಕ್ಷೆಯಲ್ಲಿ ಬಿದ್ದು ನಾಲ್ಕನೇ ಸಲ ಲೈಸೆನ್ಸು ತೆಗೆದುಕೊಂಡವಳು. ನನ್ನ ಪಟ್ಟಿ ನೋಡಿ ನಗುತ್ತಾ ಕೈಯಿಂದ ಕಿತ್ತುಕೊಂಡಳು.

"ಮೇಷ್ಟ್ರೇ, ಅವತ್ತು ನೀವು ಹೇಳಿದ್ರಿ, ನಾನು ಕೇಳ್ದೆ. ಇವತ್ತು ನಾನು ಹೇಳ್ತೀನಿ, ನೀವು ಕೇಳಿ."

ಎರಡು ಜಾತಿಯಂತೆ. ಒಂದು, ವರ್ಷಕ್ಕೆ ಒಂದೇ ಸಲ, ಎರಡು ಮೂರು ವಾರದಲ್ಲಿ ರಾಶಿ ರಾಶಿ ಹಣ್ಣು ಬಿಟ್ಟು ಮುಗಿಸುವುದು. ಹಣ್ಣು ದೊಡ್ಡದು, ಸಿಹಿ. ಆದರೆ ಈಗ ನೆಟ್ಟರೆ ಹಣ್ಣು ಮುಂದಿನ ವರ್ಷಕ್ಕೆ. ಇನ್ನೊಂದು, ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಬಿಡುವುದು. ಹಣ್ಣು ಚಿಕ್ಕದು, ಈ ವರ್ಷವೇ ಸಿಗುತ್ತದೆ. ಬುದ್ಧಿ ಇದ್ದವರು ಯಾವುದನ್ನು ತೆಗೆದುಕೊಳ್ಳುತ್ತಾರೆ ಎನ್ನುವುದನ್ನು ಬೇರೆ ಹೇಳಬೇಕೇ?

ಆದರೂ ಊಟದ ಮೇಜಿನಲ್ಲಿ ಮಗಳ ಮುಂದೆ ನರ್ಸರಿಯ ಚೀಟಿ ಇಟ್ಟೆ. ತುಂಬ ಹೊತ್ತು ನೋಡಿದಳು.

"ಈ ವರ್ಷ ಬಿಡೋದು ಯಾವುದು?" ಎಂದಳು.

ಒಂದು ವರ್ಷ ತಾಳಿದರೆ ಸಿಗುವ ಲಾಭವನ್ನು ನಾನು ಬಿಡಿಸಿ ಬಿಡಿಸಿ ಹೇಳಿದೆ. ಚೀಟಿಯ ಹಿಂದೆ ಚಿತ್ರ ಬರೆದೂ ತೋರಿಸಿದೆ. "ಸರಿ, ನಿನ್ನಿಷ್ಟ" ಎಂದು ಎದ್ದು ಹೋದಳು. ಒಪ್ಪಿದಳು. ಮನೆಯವಳು ಮಾತ್ರ ನನ್ನನ್ನು ಕೆಕ್ಕರಿಸಿ ನೋಡಿದಳು. ಯಾಕೋ ತಿಳಿಯದು.

ಮಾರ್ಚ್ 8, ಶನಿವಾರ

ಮನೆಯವಳ ಹಟ. "ಗಿಡ ಅವಳೇ ಆರಿಸ್ಲಿ, ನೀವು ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ಹೋಗಿ." ಮಗಳು ಹೊರಡುತ್ತಾಳೆ ಎಂದು ನಾನು ನಂಬಿರಲಿಲ್ಲ. ಹೊರಟಳು. ಕಾರನ್ನೂ ಅವಳೇ ತೆಗೆದಳು.

ಕಲಿಕೆಯ ಕಾರಿನಲ್ಲಿ ನನ್ನ ಕಡೆಗೂ ಒಂದು ಬ್ರೇಕು ಇರುತ್ತಿತ್ತು. ನನ್ನ ಕಾಲು ಅದನ್ನು ಇನ್ನೂ ಮರೆತಿಲ್ಲ. ಸಿಗ್ನಲ್ಲಿನ ಹತ್ತಿರ ಬಂದಾಗಲೆಲ್ಲ ಕೆಳಗಿನ ಚಾಪೆಯನ್ನು ತುಳಿಯುತ್ತಲೇ ಇದ್ದೆ. ಅಂಚೆ ಕಚೇರಿಯ ತಿರುವಿನಲ್ಲಿ ಮಗಳು ರಸ್ತೆಯಿಂದ ಕಣ್ಣು ತೆಗೆಯದೆ, "ಅಪ್ಪ, ಅಲ್ಲಿ ಬ್ರೇಕಿಲ್ಲ" ಎಂದಳು. ತುಟಿ ಸ್ವಲ್ಪ ಅಲುಗಿತೋ ಏನೋ. ನಕ್ಕಳು ಎಂದು ಬರೆಯುವಷ್ಟಲ್ಲ.

ನರ್ಸರಿಯಾಕೆ ಅವಳ ಕೈಗೇ ಗಿಡ ಕೊಟ್ಟಳು. ಬೇರು ಒಣಗಿರಬಾರದು, ಎಲೆ ಹುಟ್ಟುವ ನಡುಭಾಗ ಗಟ್ಟಿಯಾಗಿರಬೇಕು. ಅದಕ್ಕೆ ಅವರು ನೆತ್ತಿ ಎನ್ನುತ್ತಾರೆ. ನೆಡುವಾಗ ನೆತ್ತಿಯ ಮೇಲೆ ಮಣ್ಣು ಬೀಳಬಾರದು, ಬಿದ್ದರೆ ಕೊಳೆಯುತ್ತದೆ. ಮಗಳು ಒಂದೊಂದು ಗಿಡವನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ನಾನು ಹನ್ನೆರಡು ಒಂದೇ ಜಾತಿಯದು ಎಂದಿದ್ದೆ. ಅವಳು ಆರು ಅದು, ಆರು ಇದು ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸರಿಯಾಕೆ ಕಟ್ಟಿ ಕೊಟ್ಟೇಬಿಟ್ಟಳು.

ಮಗಳು ನಲ್ಲಿಯಲ್ಲಿ ಕೈ ತೊಳೆಯಲು ಹೋದಾಗ ಆಕೆ ನನಗೆ ಇನ್ನೊಂದು ಮಾತು ಹೇಳಿದಳು. ನೆಟ್ಟ ಮೇಲೆ ಮೊದಲು ಬರುವ ಹೂವನ್ನೆಲ್ಲ ಚಿವುಟಿ ಹಾಕಬೇಕಂತೆ. ಇಲ್ಲದಿದ್ದರೆ ಗಿಡ ಬೇರು ಬಿಡುವ ಮೊದಲೇ ಹಣ್ಣಿಗೆ ಶಕ್ತಿ ಸುರಿದು ಸೊರಗುತ್ತದೆ. ಬರೆದುಕೊಂಡೆ.

ಮಾರ್ಚ್ 10, ಸೋಮವಾರ

ಕಾರಿನ ಜಾಗದ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ಅದರ ಮೇಲೆ ಹಲಗೆಯ ಚೌಕಟ್ಟು ಕೂರಿಸಿ ಹೊಸ ಮಣ್ಣು ತುಂಬಿದೆ. ಟೇಪು ಹಿಡಿದು ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಗುರುತು ಹಾಕಿ, ಹನ್ನೆರಡನ್ನೂ ಗಟ್ಟಿಯಾಗಿ ಮಣ್ಣು ಒತ್ತಿ ನೆಟ್ಟೆ. ಗಾಳಿ ಬಂದರೂ ಅಲುಗಬಾರದು. ಮಂಡಿ ಸಿಡಿಯುತ್ತಿತ್ತು. ಒಳಗೆ ಹೋಗಿ ಮಲಗಿದೆ.

ಸಂಜೆ ಕಿಟಕಿಯಿಂದ ನೋಡಿದರೆ ಮಗಳು ನೆಲಕ್ಕೆ ಕೂತು ಒಂದೊಂದೇ ಗಿಡವನ್ನು ಎಬ್ಬಿಸಿ ಮತ್ತೆ ಕೂರಿಸುತ್ತಿದ್ದಾಳೆ. ಓಡಿಹೋದೆ.

"ನೆತ್ತಿ ಮುಚ್ಚಬಾರದು ಅಂದ್ರಲ್ಲಪ್ಪ ಅವ್ರು. ಎಲ್ಲಾನೂ ಹೂತಿಟ್ಟಿದೀಯ."

ಗಟ್ಟಿಯಾಗಿ ನಿಲ್ಲಲಿ ಎಂದು ಮಾಡಿದ್ದು ಎಂದೆ. "ಹೂಂ, ಗೊತ್ತು" ಎಂದಳು. ಹನ್ನೆರಡೂ ಮುಗಿಯುವವರೆಗೆ ಏಳಲಿಲ್ಲ. ಉಗುರಿನ ತುಂಬ ಮಣ್ಣು. ಇವತ್ತು ರೊಟ್ಟಿ ಎರಡು ತಿಂದಳು.

ಮಾರ್ಚ್ 23, ಭಾನುವಾರ

ದಿನವೂ ಬೆಳಗ್ಗೆ ಅವಳೇ ನೀರು ಹಾಕುತ್ತಾಳೆ. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತೇನೆ. ಹೊಸ ಎಲೆ ಬಂದಿದೆ.

ಅಳಿಯ ಬಂದಿದ್ದ. ಅವನು ಮುದ್ರಣಾಲಯದಲ್ಲಿ ಯಂತ್ರ ನೋಡಿಕೊಳ್ಳುವವನು, ಬೆರಳ ಸಂದಿಯಲ್ಲಿ ಯಾವಾಗಲೂ ಶಾಯಿ. ವಾರವಿಡೀ ಕೆಲಸ ಮಾಡಿ ಭಾನುವಾರ ಎರಡು ಬಸ್ಸು ಹಿಡಿದು ಬರುತ್ತಾನೆ. ಬಂದು ಮುಂಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾನೆ, ಬೂಟು ಕೂಡ ಬಿಚ್ಚುವುದಿಲ್ಲ. ಮಗಳು ಹಿತ್ತಿಲಿನಲ್ಲಿ. ಇವನು ನನ್ನ ಜೊತೆ ರಸ್ತೆ ರಿಪೇರಿಯ ವಿಷಯ ಮಾತಾಡುತ್ತಾನೆ. ಎಷ್ಟು ಅಂತ ರಸ್ತೆ ರಿಪೇರಿ ಮಾಡುವುದು?

ಹೋಗುವಾಗ ಗೇಟಿನ ಹತ್ತಿರ ತಡೆದು ಕೇಳಿದ. "ಮಾವ, ಅವಳು ಏನಾದ್ರೂ ಹೇಳಿದ್ಲಾ?"

"ಇಲ್ಲ. ಹೇಳ್ತಾಳೆ, ಆತುರ ಬೇಡ. ನೀವು ಮಾತ್ರ ಆ ವಿಷಯ ತೆಗೀಬೇಡಿ."

ತಲೆಯಾಡಿಸಿದ. ಒಳ್ಳೆಯ ಹುಡುಗ, ಹೇಳಿದ್ದು ಕೇಳುತ್ತಾನೆ.

ಏಪ್ರಿಲ್ 22, ಮಂಗಳವಾರ

ಹೂವು ಬಂದಿದೆ!

ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. "ಅಪ್ಪಾ, ಬಾ ಇಲ್ಲಿ, ಬೇಗ" ಎಂದು ಮಗಳು ಕೂಗಿದಳು. ಅವಳು ಮನೆಗೆ ಬಂದ ಮೇಲೆ ನನ್ನನ್ನು ಕೂಗಿದ್ದು ಇದೇ ಮೊದಲು. ಬಾಯಿಯ ನೊರೆಯಲ್ಲೇ ಓಡಿದೆ. ಬಿಳಿ ಎಸಳು ಐದು, ನಡುವೆ ಹಳದಿ ಗುಂಡು. ನಾಲ್ಕು ಗಿಡದಲ್ಲಿ ಒಟ್ಟು ಹನ್ನೊಂದು ಹೂವು. ಮಗಳ ಮುಖ ನೋಡುವ ಹಾಗಿತ್ತು.

ಅಷ್ಟರಲ್ಲಿ ನರ್ಸರಿಯಾಕೆಯ ಮಾತು ನೆನಪಾಯಿತು. ಸದ್ಯ, ನೆನಪಾಯಿತಲ್ಲ! ಉಗುರಿನಲ್ಲಿ ಒಂದೊಂದಾಗಿ ಚಿವುಟಿ ಹಾಕಿದೆ. "ಅಯ್ಯೋ, ಯಾಕಪ್ಪಾ?" ಎಂದು ನನ್ನ ಕೈ ಹಿಡಿದಳು. ಅವಳಿಗೆ ವಿವರಿಸಿದೆ. ಹೊಸ ಶಿಷ್ಯರಿಗೆ ಹೇಳುವ ಹಾಗೆ, ಸಾವಕಾಶವಾಗಿ.

"ನೋಡು, ಮೊದಲ್ನೇದು ಲೆಕ್ಕಕ್ಕಿಲ್ಲ. ಅದನ್ನ ಇಟ್ಕೊಂಡು ಕೂತ್ರೆ ಗಿಡ ಬಡವಾಗುತ್ತೆ. ತೆಗೆದುಹಾಕಿ ಮರೆತುಬಿಡ್ಬೇಕು. ಬೇರು ಗಟ್ಟಿಯಾಗ್ಲಿ, ಒಂದು ವರ್ಷ ಬಿಟ್ರೆ ಬೇಕಾದಷ್ಟು ಬಿಡುತ್ತೆ."

"ಲೆಕ್ಕಕ್ಕಿಲ್ವಾ?" ಎಂದಳು.

"ಇಲ್ಲ" ಎಂದೆ.

ಹತ್ತು ಚಿವುಟಿದ್ದೆ, ಒಂದು ಎಲೆಯ ಅಡಿ ತಪ್ಪಿಸಿಕೊಂಡಿತ್ತು. ಅದನ್ನೂ ಹುಡುಕಿ ತೆಗೆದು ತಿರುಗಿ ನೋಡುವಷ್ಟರಲ್ಲಿ ಮಗಳು ಇರಲಿಲ್ಲ. ನೀರಿನ ಕ್ಯಾನು ಉರುಳಿ ಬಿದ್ದಿತ್ತು. ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ, ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಬಿಸಿಲಿಗೆ ತಲೆನೋವು ಬಂದಿರಬೇಕು. ಟೋಪಿ ಹಾಕಿಕೊಂಡು ಹೋಗು ಎಂದು ಎಷ್ಟು ಸಲ ಹೇಳುವುದು.

ಏಪ್ರಿಲ್ 23, ಬುಧವಾರ

ತಲೆನೋವಲ್ಲ.

ಮನೆಯವಳು ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ ನನ್ನನ್ನು ನಿಲ್ಲಿಸಿಕೊಂಡಳು. ನಿನ್ನೆ ಅವಳು ಕಿಟಕಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏನ್ರೀ ಅಂದ್ರಿ ನೀವು ಅವಳಿಗೆ? ಇನ್ನೊಂದ್ಸಲ ಹೇಳಿ ನೋಡೋಣ. ನನ್ನ ಮುಂದೆ ಹೇಳಿ."

ನಾನು ಹೂವಿನ ವಿಷಯ ಹೇಳಿದೆ ಎಂದು ಶುರು ಮಾಡಿದೆ. ಮೊದಲ್ನೇದು ಲೆಕ್ಕಕ್ಕಿಲ್ಲ, ಎಂದೆ. ಅಷ್ಟು ಹೇಳಿದ ಮೇಲೆ ನನ್ನ ಕಿವಿಗೆ ನನ್ನ ಮಾತು ಬಿತ್ತು.

ಮನೆಯವಳು ಅಳಲಿಲ್ಲ, ಕೂಗಾಡಲಿಲ್ಲ. ಒಲೆ ಆರಿಸಿ ಮಗಳ ಕೋಣೆಗೆ ಹೋಗಿ ಅವಳ ಪಕ್ಕದಲ್ಲಿ ಮಲಗಿದಳು.

ನನ್ನ ಮಗಳ ಮುಖದೆದುರು ನಿಂತು ನಾನು ಅದನ್ನು ಹೇಳಿದೆ. ಬೆರಳೆತ್ತಿ ಹೇಳಿದೆ.

ಏಪ್ರಿಲ್ 24

ಬಾಗಿಲು ತೆರೆದಿಲ್ಲ. ಗಿಡಕ್ಕೆ ನಾನು ನೀರು ಹಾಕಿದೆ.

ಏಪ್ರಿಲ್ 27, ಭಾನುವಾರ

ಅಳಿಯ ಬಂದ. ಮಗಳು ಕೋಣೆ ಬಿಟ್ಟು ಬರಲಿಲ್ಲ. ರಸ್ತೆ ರಿಪೇರಿಯ ಮಾತಿಗೆ ನನಗೂ ಮನಸ್ಸಿರಲಿಲ್ಲ, ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ. ಚೌಕಟ್ಟಿನ ಹಲಗೆಯ ಮೇಲೆ ಇಬ್ಬರೂ ಕೂತೆವು. ಮತ್ತೆ ಆರೇಳು ಹೂವು ಬಂದಿದ್ದವು. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದೆ. ನನ್ನ ಮೇಲೆ ರೇಗುತ್ತಾನೆ ಎಂದುಕೊಂಡಿದ್ದೆ. ರೇಗಿದ್ದರೆ ಚೆನ್ನಾಗಿತ್ತು.

"ಮಾವ, ನೀವು ಎತ್ಬೇಡಿ ಅಂದ್ರಿ, ನಾನು ಎತ್ಲಿಲ್ಲ. ಎರಡು ತಿಂಗಳಾಯ್ತು. ಆಸ್ಪತ್ರೇಲಿ ಅವಳ ಜೊತೆ ಇದ್ದೋನು ನಾನೊಬ್ನೇ. ಮಗೂನ ನಾವಿಬ್ರೇ ನೋಡಿದ್ದು. ಈಗ ಅವಳು ಏನ್ ತಿಳ್ಕೊಂಡಿದಾಳೆ ಗೊತ್ತಾ? ನಾನು ಮರೆತೇಬಿಟ್ಟೆ ಅಂತ. ಮೊದಲ್ನೇ ವಾರಾನೇ ಅಂದ್ಲು, 'ನಿನಗೆ ಏನೂ ಆಗೇ ಇಲ್ವೇನೋ' ಅಂತ. ನಾನು ಬಾಯಿ ಮುಚ್ಕೊಂಡು ಕೂತಿದ್ದೆ."

ಯಾಕೆ ಹಾಗೆ ಕೂತಿರಿ, ಎಂದು ಕೇಳಬಹುದಿತ್ತು. ಯಾಕೆ ಎಂದು ನನಗೆ ಗೊತ್ತು. ದೊಡ್ಡವರು, ತಿಳಿದವರು, ಹೇಳಿದ್ದಾರೆ ಎಂದು.

ಶಾಯಿ ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೀರು ಬಿತ್ತು. ನಾನು ನನ್ನ ಕರವಸ್ತ್ರ ಕೊಟ್ಟೆ. ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆವು. ಒಂದು ಹೂವನ್ನೂ ಚಿವುಟಲಿಲ್ಲ.

ಏಪ್ರಿಲ್ 30, ಬುಧವಾರ

ನರ್ಸರಿಗೆ ಹೋಗಿದ್ದೆ. ಈ ಸಲ ಪಟ್ಟಿ ಇರಲಿಲ್ಲ, ಒಂದೇ ಪ್ರಶ್ನೆ. ಹೂವನ್ನು ಹಾಗೇ ಬಿಟ್ಟರೆ ಏನಾಗುತ್ತದೆ?

"ಗಿಡಕ್ಕೆ ಸುಸ್ತಾಗುತ್ತೆ, ಸಾಯಲ್ಲ. ಮುಂದಿನ ವರ್ಷ ಹಣ್ಣು ಸ್ವಲ್ಪ ಕಮ್ಮಿ ಬಿಡಬಹುದು. ಯಾಕೆ ಮೇಷ್ಟ್ರೇ, ಚಿವುಟೋಕೆ ಮನಸ್ಸು ಬರ್ಲಿಲ್ವಾ?"

"ಬಂತು. ಅದೇ ತಪ್ಪಾಯ್ತು" ಎಂದೆ. ಆಕೆ ಹೆಚ್ಚು ಕೆದಕಲಿಲ್ಲ, ಒಂದು ಸ್ಟೂಲು ಎಳೆದು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಒಂದು ಕಥೆ ಹೇಳಿದಳು. ಮೂರನೇ ಸಲ ಪರೀಕ್ಷೆಯಲ್ಲಿ ಬಿದ್ದ ದಿನ ಕಾರಿನಲ್ಲಿ ಕೂತು ಜೋರಾಗಿ ಅತ್ತಿದ್ದಳಂತೆ. ನಾನು ಒಂದು ಮಾತೂ ಆಡದೆ ಎಂಜಿನ್ನು ಆರಿಸಿ, ಅವಳು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತಿದ್ದೆನಂತೆ. ಮುಂದಿನ ಶಿಷ್ಯ ಬಂದು ಗಾಜು ತಟ್ಟಿದರೂ ಏಳಲಿಲ್ಲವಂತೆ.

"ಅವತ್ತು ನೀವು ಏನಾದ್ರೂ ಬುದ್ಧಿ ಹೇಳಿದ್ರೆ ನಾನು ಮತ್ತೆ ಆ ಕಡೆ ತಲೆ ಹಾಕ್ತಿರ್ಲಿಲ್ಲ" ಎಂದಳು.

ನನಗೆ ಒಂದಿಷ್ಟೂ ನೆನಪಿಲ್ಲ. ಆ ವರ್ಷದ ಪುಸ್ತಕ ತೆಗೆದು ನೋಡಿದೆ. 'ಗೇರು ಬದಲಾಯಿಸುವಾಗ ಕೆಳಗೆ ನೋಡುತ್ತಾಳೆ' ಎಂದಿದೆ, ಅಷ್ಟೆ.

ಮೇ 2, ಶುಕ್ರವಾರ

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಮನೆಯವಳನ್ನು ಕೇಳಿದರೆ ಮೂವತ್ತಾರು ವರ್ಷದ ಸಾಕ್ಷಿ ಕೊಡುತ್ತಾಳೆ. ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಯ ಮುಂದೆ ನಾಲ್ಕು ಥರ ಹೇಳಿ ನೋಡಿದೆ. ನಾಲ್ಕೂ ಪಾಠದ ಹಾಗಿದ್ದವು. ಆದದ್ದಾಗಲಿ ಎಂದು ಮಗಳ ಬಾಗಿಲು ತಟ್ಟಿದೆ. ತೆರೆದಳು, ಒಳಗೆ ಕರೆಯಲಿಲ್ಲ.

"ಅವತ್ತು ನಾನು ಆಡಿದ್ದು ದೊಡ್ಡ ತಪ್ಪು" ಎಂದೆ. "ಮನೇಲಿ ಯಾರೂ ಆ ಮಾತು ಎತ್ಬಾರದು ಅಂದಿದ್ದೂ ನಾನೇ. ಅಮ್ಮನಿಗೂ ಹೇಳಿದ್ದೆ, ಅವನಿಗೂ ಹೇಳಿದ್ದೆ. ಅವನು ಮರೆತಿಲ್ಲ. ಅವನ ಬಾಯಿ ಕಟ್ಟಿಹಾಕಿದ್ದು ನಾನು."

"ಅವನಿಗೆ ನೀನಾ ಹೇಳಿದ್ದು?"

"ಹೂಂ."

"ಯಾರಪ್ಪಾ ನಿನಗೆ ಅಧಿಕಾರ ಕೊಟ್ಟಿದ್ದು?" ಅವಳ ದನಿ ಏರಿತು. ಇಷ್ಟು ದಿನದಲ್ಲಿ ಇದೇ ಮೊದಲು. "ಎರಡು ತಿಂಗಳು! ನಾನೊಬ್ಳೇ ಹುಚ್ಚಿ ಹಾಗೆ ನೆನಸ್ಕೊಂಡು ಕೂತಿದೀನಿ ಅಂದ್ಕೊಂಡೆ. ಎಲ್ರೂ ಸ್ಟ್ರಾಬೆರಿ, ಸ್ಟ್ರಾಬೆರಿ ಅಂತಿದ್ರಿ. ಒಬ್ರಾದ್ರೂ ಮಗು ಹೇಗಿದ್ಲು ಅಂತ ಕೇಳಿದ್ರಾ? ಏನಂತ ಕರೀತಿದ್ರಿ ಅಂತ ಕೇಳಿದ್ರಾ? ಅವಳು ಬಂದೇ ಇಲ್ಲ ಅನ್ನೋ ಹಾಗೆ ಇದ್ರಲ್ಲ ಎಲ್ರೂ!"

ಹೇಳುವುದಕ್ಕೆ ಬಾಯಿಗೆ ಬಂದದ್ದೆಲ್ಲ ಸಮಜಾಯಿಷಿ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ತುಂಬ ಬೈದಳು. ಅತ್ತಳು. ಕೊನೆಗೆ ಹಾಗೇ ನೆಲಕ್ಕೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬಾಗಿಲಿನ ಆ ಕಡೆ ಕೂತಳು. ಮನೆಯವಳು ಬಂದು ನೋಡಿ, ಇಬ್ಬರ ಮಧ್ಯೆ ಎರಡು ಲೋಟ ಚಹಾ ಇಟ್ಟು ಹೋದಳು. ಚಹಾ ಆರಿಹೋಯಿತು.

ಕೇಳಬೇಕಾದದ್ದು ಏನು ಎಂದು ಅವಳೇ ಹೇಳಿಕೊಟ್ಟಿದ್ದಳು. ಆದರೂ ನನ್ನ ನಾಲಿಗೆ ಹೊರಳಲಿಲ್ಲ. ಕೇಳಿದರೆ ನಾನು ತಡೆದುಕೊಳ್ಳುತ್ತೇನೋ ಇಲ್ಲವೋ ಎಂದು ಹೆದರಿಕೆಯಾಯಿತು. ಇಷ್ಟು ದಿನ ಅವಳ ಸಲುವಾಗಿ ನಿಯಮ ಮಾಡಿದ್ದೇನೆ ಎಂದುಕೊಂಡಿದ್ದೆ.

ಮೇ 4, ಭಾನುವಾರ

ಬೆಳಗ್ಗೆ ಮಗಳು ಹಿತ್ತಿಲಿನಲ್ಲಿದ್ದಳು. ಕೆಲವು ಗಿಡದ ಹೂವನ್ನು ತಾನೇ ಚಿವುಟಿದಳು, ಕೆಲವನ್ನು ಹಾಗೇ ಬಿಟ್ಟಳು. ಯಾವ ಜಾತಿಯದು ಯಾವುದು ಎಂದು ನನಗೆ ಈಗ ಗೊತ್ತಾಗುವುದೂ ಇಲ್ಲ. ಯಾಕೆ ಎಂದು ಕೇಳಲಿಲ್ಲ.

ಹನ್ನೊಂದೂವರೆಗೆ ಅಳಿಯ ಬಂದು ಮುಂಬಾಗಿಲ ಕುರ್ಚಿಯಲ್ಲಿ ಕೂತ. "ಬೂಟು ಬಿಚ್ಚಿ ಒಳಗೆ ಬನ್ನಿ, ಊಟಕ್ಕೆ" ಎಂದೆ. ನಾಲ್ಕು ಜನ ಒಂದೇ ಮೇಜಿಗೆ ಕೂತು ಎಷ್ಟು ದಿನವಾಗಿತ್ತು! ಮಗಳು ಅವನ ಎದುರು ಕೂತಳು, ತಲೆ ಎತ್ತಲಿಲ್ಲ. ಮನೆಯವಳು ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಇನ್ನೂ ತಡ ಮಾಡಿದರೆ ಮತ್ತೆ ರಸ್ತೆ ರಿಪೇರಿ ಶುರುವಾಗುತ್ತಿತ್ತು.

"ನೀವಿಬ್ರೂ ಅವಳನ್ನ ಏನಂತ ಕರೀತಿದ್ರಿ?" ಎಂದೆ.

ಇಬ್ಬರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ಹೇಳಿದರು, ಒಂದೇ ಹೆಸರು, ಒಂದೇ ಉಸಿರಿಗೆ.

ಮನೆಯವಳು ಸೌಟು ಇಟ್ಟು ಕೂತುಬಿಟ್ಟಳು. ಅಳಿಯ ಮಾತಾಡಿದ, ನಿಲ್ಲಿಸಲೇ ಇಲ್ಲ. ಬೆರಳು ಉದ್ದವಾಗಿದ್ದವಂತೆ, ನನ್ನ ಮನೆಯವಳ ಬೆರಳಿನ ಹಾಗೆ. ಕೂದಲು ಇತ್ತಂತೆ. ಮಗಳು ಮಧ್ಯೆ ಮಧ್ಯೆ ತಿದ್ದಿದಳು, "ಕಪ್ಪಲ್ಲ, ಕಂದು" ಎಂದಳು. ಅವನು ಮೇಜಿನ ಮೇಲಿಟ್ಟಿದ್ದ ಕೈಯನ್ನು ಅವಳು ಯಾವಾಗ ಹಿಡಿದುಕೊಂಡಳೋ ನಾನು ಗಮನಿಸಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು. ಆದರೆ ಊಟದ ಮೇಜಿನಲ್ಲಿ, ಎಲ್ಲರ ಮುಂದೆ, ನಾನೂ ಒಂದು ಸಲ ಹೇಳಿದೆ. ಹೆಸರು ಹೇಳಿ, "ನನ್ನ ಮೊಮ್ಮಗಳು" ಎಂದೆ. ದನಿ ಒಡೆಯಿತು, ಅರ್ಧ ಕೇಳಿಸಿತೋ ಇಲ್ಲವೋ.

"ಇನ್ನೊಂದ್ಸಲ ಹೇಳಪ್ಪ" ಎಂದಳು ಮಗಳು.

ಹೇಳಿದೆ.